ಖರ್ಚಿನ ಪುಟವಿಲ್ಲದ ಪ್ರವಾಸ ಕಥನ

ಹೊರನಾಡ ಕನ್ನಡ ಸಂಘಗಳ ಪತ್ರಿಕೆಗಳನ್ನು ತಪ್ಪದೆ ಓದುವವರಿಗೆ ಒಂದು ಬಗೆಯ ಲೇಖನ ಚೆನ್ನಾಗಿ ಪರಿಚಿತ. 'ನಾವು ಕಂಡ ಯೂರೋಪು' ಎಂದೋ 'ಹದಿಮೂರು ದಿನಗಳಲ್ಲಿ ಒಂಬತ್ತು ದೇಶ' ಎಂದೋ ಅದಕ್ಕೆ ಶೀರ್ಷಿಕೆ. ವಿಮಾನ ಏರುವಲ್ಲಿಂದ ಆರಂಭ. ಆಮೇಲೆ ಐಫೆಲ್ ಗೋಪುರ, ಸ್ವಿಟ್ಜರ್ಲೆಂಡಿನ ಹಿಮ, ವೆನಿಸ್ಸಿನ ದೋಣಿ, ಪೀಸಾದ ವಾಲಿದ ಗೋಪುರ. ಅಲ್ಲಿಯ ರಸ್ತೆಗಳ ಸ್ವಚ್ಛತೆ ಮತ್ತು ನಮ್ಮ ರಸ್ತೆಗಳ ಅವಸ್ಥೆ, ಇವೆರಡರ ಹೋಲಿಕೆಗೆ ಒಂದು ಪ್ಯಾರಾ. ಪ್ರವಾಸ ಕಂಪನಿಯವರು ಸರಿಯಾದ ಹೊತ್ತಿಗೆ ಬಡಿಸಿದ ಅನ್ನ ಸಾರಿನ ವರ್ಣನೆಗೆ ಇನ್ನೊಂದು. ಕೊನೆಗೆ, ಎಲ್ಲಿ ಹೋದರೂ ನಮ್ಮ ನೆಲವೇ ನಮಗೆ ಚೆಂದ ಎಂಬ ಮಂಗಳ. ಬರೆದವರ ಸಂತೋಷದಲ್ಲಿ ಕಪಟವಿಲ್ಲ. ಜೀವಮಾನವೆಲ್ಲ ದುಡಿದು, ನಿವೃತ್ತಿಯ ಹಣದಲ್ಲಿ ಒಮ್ಮೆ ಹೊರಟವರು ಕಂಡದ್ದನ್ನು ನಾಲ್ಕು ಜನರೊಡನೆ ಹಂಚಿಕೊಳ್ಳುವುದನ್ನು ಯಾರೂ ಆಕ್ಷೇಪಿಸಲಾರರು.

ಆದರೆ ಓದಿ ಮುಗಿಸಿದ ಮೇಲೆ ನನ್ನಂಥ ಗುಮಾಸ್ತನ ಮನೆಯಲ್ಲಿ ಏಳುವ ಪ್ರಶ್ನೆಗಳೇ ಬೇರೆ. ಒಟ್ಟು ಎಷ್ಟಾಯಿತು? ರಾತ್ರಿ ಎಲ್ಲಿ ಮಲಗಿದರು? ಕಂಪನಿಯ ಬಸ್ಸು ನಿಲ್ಲದ ಸಣ್ಣ ಊರುಗಳಲ್ಲಿ ಏನಿದೆ? ಬೆನ್ನಿಗೊಂದು ಚೀಲ ಹಾಕಿಕೊಂಡು, ಕಡಿಮೆ ಹಣದಲ್ಲಿ, ಕಂಪನಿಯ ಹಂಗಿಲ್ಲದೆ ಹೋಗಿಬರಲು ನಮ್ಮಂಥವರಿಗೆ ಸಾಧ್ಯವೇ? ಇದಕ್ಕೆಲ್ಲ ಲೇಖನದಲ್ಲಿ ಉತ್ತರವಿಲ್ಲ. ಇದು ಕೇವಲ ಮಾಹಿತಿಯ ಕೊರತೆಯೆಂದು ಬಿಟ್ಟುಬಿಡಬಹುದಿತ್ತು. ಇದು ಬರವಣಿಗೆಯದೇ ಕೊರತೆ, ನಮ್ಮ ಯೂರೋಪ್ ಪ್ರವಾಸ ಕಥನದ ಪರಂಪರೆಯಲ್ಲೇ ಬಂದಿರುವ ಕೊರತೆ ಎಂಬುದು ನನ್ನ ವಾದ.

ವಿಜ್ಞಾನದ ಪದವಿಗೆ ಓದಿದವರಿಗೆಲ್ಲ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ನೆನಪಿರುತ್ತದೆ. ಉದ್ದೇಶ, ಸಲಕರಣೆ, ವಿಧಾನ, ಅಳತೆ, ಫಲಿತಾಂಶ ಎಂದು ಬರೆಯಬೇಕು. ಬರೆದದ್ದನ್ನು ನೋಡಿ ಇನ್ನೊಬ್ಬ ಅದೇ ಪ್ರಯೋಗವನ್ನು ಮಾಡಿ ನೋಡುವಂತಿರಬೇಕು. ಫಲಿತಾಂಶವನ್ನಷ್ಟೇ ಬರೆದು ಅಳತೆಯನ್ನು ಬಿಟ್ಟರೆ ಮೇಷ್ಟರು ಸಹಿ ಹಾಕುತ್ತಿರಲಿಲ್ಲ. ಪ್ರವಾಸ ಕಥನ ರೆಕಾರ್ಡ್ ಪುಸ್ತಕವಲ್ಲ, ನಿಜ. ಆದರೆ 'ನೀನೂ ಇದನ್ನು ಮಾಡಿ ನೋಡಬಹುದು' ಎಂಬ ಧ್ವನಿ ಅದರಲ್ಲಿ ಇರದಿದ್ದರೆ, ಓದುಗ ಬೇರೆಯವರ ಮದುವೆಯ ಫೋಟೋ ಆಲ್ಬಮ್ ತಿರುವಿದಂತೆ ತಿರುವಿ ಪಕ್ಕಕ್ಕಿಡುತ್ತಾನೆ.

ನಮ್ಮ ದೊಡ್ಡ ಲೇಖಕರ ಕಡೆಗೆ ತಿರುಗೋಣ. ವಿ. ಕೃ. ಗೋಕಾಕರ 'ಸಮುದ್ರದಾಚೆಯಿಂದ' ಇಂಗ್ಲೆಂಡಿಗೆ ವ್ಯಾಸಂಗಕ್ಕೆ ಹೋದ ತರುಣ ಕವಿಯ ಬರವಣಿಗೆ. ಕಡಲೇ ಅಲ್ಲಿ ದೊಡ್ಡ ಅನುಭವ. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ'ದಲ್ಲಿ ಕಲೆಯನ್ನೂ ಜನಜೀವನವನ್ನೂ ಹಸಿದು ನೋಡುವ ಕಣ್ಣಿದೆ. ಯಾವುದನ್ನೂ ಬೆರಗಿಗಾಗಿ ಬೆರಗುಗೊಳ್ಳದ ಆ ನಿಷ್ಠುರ ನೋಟ ಕನ್ನಡಕ್ಕೆ ಒಂದು ಪಾಠ. ಅಮೆರಿಕದ ಮಾತಿಗೆ ಬಂದರೆ, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕಾದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಮಕ್ಕಳ ಮನೆಗೆ ಹೋದ ಹಳ್ಳಿಯ ಹಿರಿಯರ ನಗು ಅದರ ಜೀವಾಳ. ಕೃಷ್ಣಾನಂದ ಕಾಮತರು ತಮ್ಮ ಪುಸ್ತಕಕ್ಕೆ 'ನಾನೂ ಅಮೆರಿಕೆಗೆ ಹೋಗಿದ್ದೆ' ಎಂದು ಹೆಸರಿಟ್ಟರು. ಆ 'ನಾನೂ' ಎಂಬುದರಲ್ಲೇ ಒಂದು ವಿಮರ್ಶೆ ಅಡಗಿದೆ: ಹೋಗುವುದು ದೊಡ್ಡವರ ಗುತ್ತಿಗೆಯಲ್ಲ ಎಂದು ಆ ಒಂದು ದೀರ್ಘ ಸ್ವರ ಹೇಳುತ್ತದೆ. ನಮ್ಮ ಕಾಲಕ್ಕೆ ಬಂದರೆ ನೇಮಿಚಂದ್ರರು 'ಒಂದು ಕನಸಿನ ಪಯಣ'ದಲ್ಲಿ ಯೂರೋಪನ್ನೂ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಕೃತಿಯಲ್ಲಿ ದಕ್ಷಿಣ ಅಮೆರಿಕವನ್ನೂ ಕುರಿತು ಬರೆದರು. ನೌಕರಿ ಮಾಡುವ ಹೆಣ್ಣೊಬ್ಬಳು ಕನಸು ಕಟ್ಟಿ, ತಾನೇ ಯೋಜನೆ ಹಾಕಿ ಹೊರಟದ್ದು ಕನ್ನಡ ಪ್ರವಾಸ ಕಥನದಲ್ಲಿ ಸಣ್ಣ ಸಂಗತಿಯಲ್ಲ.

ಈ ಪರಂಪರೆಯನ್ನು ಒಟ್ಟಾಗಿ ನೋಡಿದರೆ ಹಣದ ಮಾತು ಏಕೆ ಹಿಂದೆ ಉಳಿಯಿತೆಂಬುದಕ್ಕೆ ಕಾರಣವೂ ಹೊಳೆಯುತ್ತದೆ. ಹಿಂದಿನ ತಲೆಮಾರಿನಲ್ಲಿ ಹೊರದೇಶಕ್ಕೆ ಹೋದವರಲ್ಲಿ ಹೆಚ್ಚಿನವರು ವ್ಯಾಸಂಗಕ್ಕೋ, ಆಹ್ವಾನದ ಮೇಲೋ, ಮಕ್ಕಳ ಮನೆಗೋ ಹೋದವರು. ಸ್ವಂತ ದುಡ್ಡಿದ್ದರೂ ಒಯ್ಯುವಂತಿರಲಿಲ್ಲ. ವಿದೇಶಿ ವಿನಿಮಯದ ಕಟ್ಟುಪಾಡು ಬಿಗಿಯಾಗಿದ್ದ ವರ್ಷಗಳಲ್ಲಿ ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ವಿಮಾನ ಏರಿದವರ ಕಥೆಗಳನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಅತಿಥಿಯಾಗಿ ಉಂಡವನು ಊಟದ ಬೆಲೆ ಬರೆದರೆ ಅಸಭ್ಯತೆ. ಹೀಗೆ ಖರ್ಚಿನ ಪುಟ ಇಲ್ಲದಿರುವುದೇ ನಮ್ಮ ಪ್ರವಾಸ ಕಥನದ ಸಂಪ್ರದಾಯವಾಯಿತು. ಆದರೆ 2004ರಲ್ಲಿ ರಿಸರ್ವ್ ಬ್ಯಾಂಕು ಕಟ್ಟು ಸಡಿಲಿಸಿ, ಸಾಮಾನ್ಯ ನಾಗರಿಕನೂ ವರ್ಷಕ್ಕೆ 25,000 ಡಾಲರುಗಳವರೆಗೆ ಹೊರಗೆ ಕಳಿಸಬಹುದು ಎಂದಿತು. 2015ರಿಂದ ಆ ಮಿತಿ 2,50,000 ಡಾಲರ್. ಕಾರಣ ಹೋಯಿತು, ಮೌನ ಮಾತ್ರ ಉಳಿಯಿತು. ಈಗ ಆ ಮೌನಕ್ಕೆ ಬೇರೆ ಅರ್ಥ ಬಂದಿದೆ. ಎಷ್ಟು ಕೊಟ್ಟೆವೆಂದು ಹೇಳದಿರುವುದು ಇಂದು ಸಭ್ಯತೆಯಲ್ಲ, ಅಂತಸ್ತು.

ನಾನು ಮೊದಲು ವಿಜಯವಾಡದಲ್ಲಿ, ಈಗ ವಿಶಾಖಪಟ್ಟಣದಲ್ಲಿ ನೌಕರಿ ಮಾಡುತ್ತಿರುವವನಾದ್ದರಿಂದ ತೆಲುಗು ಸಾಹಿತ್ಯದ ಕಡೆಯೂ ಕಣ್ಣು ಹೋಗುತ್ತದೆ. ವಿಜಯವಾಡದಲ್ಲಿ 1989ರಿಂದ ನಡೆದುಬಂದಿರುವ ಪುಸ್ತಕ ಮಹೋತ್ಸವದ ಅಂಗಡಿಗಳಲ್ಲಿ ಏನುಗುಲ ವೀರಸ್ವಾಮಯ್ಯನವರ 'ಕಾಶೀಯಾತ್ರಾ ಚರಿತ್ರ'ವನ್ನು ಕೈಗೆತ್ತಿಕೊಂಡವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ವೀರಸ್ವಾಮಯ್ಯನವರು ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದವರು. ಅವರೂ ಸರ್ಕಾರದ ನೌಕರರೇ ಎನ್ನೋಣ! ರಜೆ ಪಡೆದು 1830ರ ಮೇ 18ರಂದು ಹೊರಟು, ಕಾಶಿಗೆ ಹೋಗಿ, ಮರಳುವಾಗ ಜಗನ್ನಾಥ, ವಿಶಾಖಪಟ್ಟಣಗಳ ಕರಾವಳಿ ದಾರಿಯಲ್ಲಿ ಬಂದು, 1831ರ ಸೆಪ್ಟೆಂಬರಿನಲ್ಲಿ ಮನೆ ಸೇರಿದರು. ದಾರಿಯಿಂದ ಗೆಳೆಯರಾದ ಕೋಮಲೇಶ್ವರಪುರಂ ಶ್ರೀನಿವಾಸ ಪಿಳ್ಳೆಯವರಿಗೆ ಬರೆದ ಬರಹವೇ 1838ರಲ್ಲಿ ಪುಸ್ತಕವಾಯಿತು. ಯಾವ ಊರಿನಲ್ಲಿ ಇಳಿದುಕೊಳ್ಳಲು ಛತ್ರವಿದೆ, ಎಲ್ಲಿ ನೀರು ಒಳ್ಳೆಯದು, ಎಲ್ಲಿ ಅಂಗಡಿಯಲ್ಲಿ ಸಾಮಾನು ಸಿಗುತ್ತದೆ, ಎಲ್ಲಿ ಸುಂಕದವರು ತಡೆಯುತ್ತಾರೆ, ಯಾವ ನಾಣ್ಯ ಎಲ್ಲಿ ಚಲಾವಣೆ ಎಂಬುದನ್ನು ಅವರು ಮನಸ್ಸಿಟ್ಟು ಬರೆದರು. ಪಲ್ಲಕ್ಕಿ, ಪರಿವಾರಗಳೊಡನೆ ಹೋದ ಅವರು ಬಡ ಯಾತ್ರಿಕರೇನಲ್ಲ. ಆದರೂ ತಮ್ಮ ಹಿಂದೆ ಬರುವವನು ನಡೆದುಬರುವ ಬಡವನಿರಬಹುದು ಎಂಬ ಎಚ್ಚರ ಆ ಬರವಣಿಗೆಯಲ್ಲಿದೆ. ಸುಮಾರು ಇನ್ನೂರು ವರ್ಷದ ನಂತರವೂ ಅದು ಓದಿಸಿಕೊಳ್ಳುವುದಕ್ಕೆ ಈ ಎಚ್ಚರವೇ ಕಾರಣ.

ಇದೇ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಮಾಚವರಪು ಆದಿನಾರಾಯಣ ಅವರು ಕಾಲ್ನಡಿಗೆಯಲ್ಲೇ ದೇಶ ಸುತ್ತಿ 'ಭ್ರಮಣ ಕಾಂಕ್ಷ' ಬರೆದರು. ತೆಲುಗರು ಬರೆದ ಪ್ರವಾಸದ ಬರಹಗಳನ್ನು ಕಲೆಹಾಕಿ 'ತೆಲುಗುವಾರಿ ಪ್ರಯಾಣಾಲು' ಎಂಬ ಸಂಕಲನವನ್ನೂ ಕೊಟ್ಟರು. ಕಾಲಿನಿಂದ ಅಳೆದ ನೆಲ ಬಸ್ಸಿನ ಕಿಟಕಿಯಿಂದ ಕಂಡ ನೆಲಕ್ಕಿಂತ ಬೇರೆ. ಅಗ್ಗದ ಪ್ರವಾಸಕ್ಕೆ ಒಂದು ಗೌರವದ ಸಾಹಿತ್ಯವಿದೆ ಎಂಬುದನ್ನು ನೆರೆಮನೆಯವರಿಂದಲೂ ನಾವು ಕಲಿಯಬಹುದು.

ಪಶ್ಚಿಮದವರಿಗಂತೂ ಇದು ಹಳೆಯ ವಿದ್ಯೆ. ಜರ್ಮನಿಯ ಶಾಲಾ ಮೇಷ್ಟರು ರಿಚರ್ಡ್ ಶಿರ್‌ಮಾನ್ 1909ರಲ್ಲಿ ಮಕ್ಕಳನ್ನು ಕರೆದುಕೊಂಡು ಕಾಲ್ನಡಿಗೆ ಹೊರಟಾಗ ಗುಡುಗು ಮಳೆಗೆ ಸಿಕ್ಕಿ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ಆ ರಾತ್ರಿಯ ಯೋಚನೆಯಿಂದ ಯೂತ್ ಹಾಸ್ಟೆಲ್ ಹುಟ್ಟಿತು. 1912ರಲ್ಲಿ ಆಲ್ಟೆನಾ ಎಂಬ ಸಣ್ಣ ಊರಿನ ಕೋಟೆಯಲ್ಲಿ ಮೊದಲನೆಯದು ತೆರೆಯಿತು. ಪ್ಯಾಟ್ರಿಕ್ ಲೀ ಫರ್ಮರ್ ಎಂಬ ಹದಿನೆಂಟರ ಹುಡುಗ 1933ರ ಡಿಸೆಂಬರಿನಲ್ಲಿ ವಾರಕ್ಕೆ ಒಂದು ಪೌಂಡಿನ ಲೆಕ್ಕದಲ್ಲಿ ಹಾಲೆಂಡಿನಿಂದ ಕಾನ್‌ಸ್ಟಾಂಟಿನೋಪಲ್ಲಿನ ಕಡೆಗೆ ನಡೆದ. ಅದರ ಮೊದಲ ಸಂಪುಟ ಪ್ರಕಟವಾದದ್ದು 1977ರಲ್ಲಿ. ಅಮೆರಿಕದ ಸೈನಿಕನಾಗಿ ಜರ್ಮನಿಯಲ್ಲಿದ್ದ ಆರ್ಥರ್ ಫ್ರಾಮರ್ 1957ರಲ್ಲಿ ದಿನಕ್ಕೆ ಐದು ಡಾಲರಿನಲ್ಲಿ ಯೂರೋಪು ಸುತ್ತುವುದು ಹೇಗೆಂದು ಪುಸ್ತಕ ಬರೆದು, ಬೆಲೆಯನ್ನು ಶೀರ್ಷಿಕೆಯಲ್ಲೇ ಹಾಕಿಬಿಟ್ಟ. ನಾಚಿಕೆಯ ಪ್ರಶ್ನೆಯೇ ಇಲ್ಲ.

ಹಾಗಾದರೆ ಅವರದನ್ನೇ ಕನ್ನಡಕ್ಕೆ ಇಳಿಸಿಕೊಂಡರೆ ಸಾಕೇ? ಸಾಲದು. ಅವರ ಬಡತನ ಬೇಕೆಂದು ತೊಟ್ಟ ಅಂಗಿ. ಬೇಸರವಾದಾಗ ತೆಗೆದಿಡಬಹುದು. ನಮ್ಮ ಲೆಕ್ಕ ಯೂರೋಪಿನ ನೆಲ ಮುಟ್ಟುವ ಮೊದಲೇ ಶುರುವಾಗುತ್ತದೆ. ಪಾಸ್‌ಪೋರ್ಟ್ ಕಚೇರಿಯ ಸಾಲು. ಕೇಂದ್ರ ಸರ್ಕಾರದ ನೌಕರನಿಗೆ ಇಲಾಖೆಯ ಪೂರ್ವಾನುಮತಿ. ನಮ್ಮ ಎಲ್.ಟಿ.ಸಿ. ಹೇಗೂ ಭಾರತದ ಗಡಿಯಲ್ಲೇ ನಿಲ್ಲುತ್ತದೆ. ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಎಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ. ವೀಸಾ ಸಿಗದಿದ್ದರೂ ಆ ಹಣ ಮರಳಿ ಬಾರದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬ್ಯಾಂಕಿನ ಲೆಕ್ಕಪತ್ರ ತೋರಿಸಬೇಕು, ಎಲ್ಲಿ ತಂಗುತ್ತೀರೆಂಬುದಕ್ಕೆ ಕಾಗದ ಕೊಡಬೇಕು. ನಾಳೆ ಎಲ್ಲಿರುತ್ತೇನೋ ಗೊತ್ತಿಲ್ಲ ಎಂದು ಫರ್ಮರ್ ಹೊರಟ ಹಾಗೆ ನಾವು ಹೊರಡುವಂತಿಲ್ಲ. ಆ ದೇಶಗಳ ಅಗ್ಗದ ಪ್ರವಾಸದ ಪುಸ್ತಕಗಳಲ್ಲಿ ಈ ಅಧ್ಯಾಯ ಇರುವುದೇ ಇಲ್ಲ, ಏಕೆಂದರೆ ಅವರಿಗೆ ಅದು ಬೇಕಿಲ್ಲ. ಈ ಅಧ್ಯಾಯವನ್ನು ಬರೆಯಬಲ್ಲವರು ನಾವೇ. ಕನ್ನಡದ ಲೇಖಕನಿಗೆ ಇದು ಅಡ್ಡಿಯಲ್ಲ, ಹೊಸ ವಸ್ತು.

ಇನ್ನು ಸಣ್ಣ ಊರುಗಳ ಮಾತು. ಅಗ್ಗಕ್ಕೂ ಸಣ್ಣ ಊರಿಗೂ ಒಂದು ನೆಂಟಸ್ತಿಕೆಯಿದೆ. ನಮ್ಮಲ್ಲಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರ್. 2023ರ ಜನವರಿಯಲ್ಲಿ ಆರಂಭವಾದ ವಂದೇ ಭಾರತ್ ಗಾಡಿಯಲ್ಲಿ ಕುಳಿತವರಿಗೆ ತುನಿ ಎಂಬುದು ಕಿಟಕಿಯಲ್ಲಿ ಹಾದುಹೋದ ಒಂದು ಹಳದಿ ಫಲಕ. ರತ್ನಾಚಲದ ಎರಡನೆಯ ದರ್ಜೆಯಲ್ಲಿ ಕುಳಿತವರಿಗೆ ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿ, ಅನ್ನವರದ ಸತ್ಯನಾರಾಯಣ ಸ್ವಾಮಿಯ ಪ್ರಸಾದದ ಎಲೆಪೊಟ್ಟಣ ಹಿಡಿದ ಯಾತ್ರಿಕರು, ಸಾಮರ್ಲಕೋಟದಲ್ಲಿ ಇಳಿಯುವ ಕಾಕಿನಾಡದವರು ಎಲ್ಲರೂ ಪರಿಚಯ. ಈ ಪ್ರಾಂತಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳು ತೆಲುಗು ಕಲಿಯುವುದು ಇಂಥ ಡಬ್ಬಿಗಳಲ್ಲೇ.

ಯೂರೋಪಿನಲ್ಲೂ ಹಾಗೆಯೇ. ಜರ್ಮನಿಯಲ್ಲಿ 2023ರ ಮೇ ತಿಂಗಳಲ್ಲಿ, ತಿಂಗಳಿಗೆ 49 ಯೂರೋ ಕೊಟ್ಟರೆ ದೇಶದ ಯಾವ ಮೂಲೆಗಾದರೂ ಹೋಗಬಹುದಾದ ಟಿಕೆಟ್ ಬಂತು. 2025ರಲ್ಲಿ ಅದು 58 ಯೂರೋ ಆಯಿತು. ಆದರೆ ವೇಗದ ಗಾಡಿಗಳಿಗೆ ಅದು ಸಲ್ಲದು. ಪ್ರತಿ ಸಣ್ಣ ನಿಲ್ದಾಣದಲ್ಲೂ ನಿಲ್ಲುವ ಗಾಡಿಗಳಿಗೇ ಸಲ್ಲುತ್ತದೆ. ಹಣ ಉಳಿಸಲು ಹೊರಟವನು ತಾನಾಗಿಯೇ ಸಣ್ಣ ಊರುಗಳ ದಾರಿಗೆ ಬೀಳುತ್ತಾನೆ. ಲಕ್ಸೆಂಬರ್ಗಿನಲ್ಲಂತೂ 2020ರ ಫೆಬ್ರುವರಿ ಕೊನೆಯಿಂದ ದೇಶದೊಳಗಿನ ಬಸ್ಸು, ಟ್ರಾಮು, ರೈಲಿನ ಎರಡನೆಯ ದರ್ಜೆ ಎಲ್ಲವೂ ಉಚಿತ. ಮೊಸೆಲ್ ನದಿಯ ದಂಡೆಯಲ್ಲಿ ಅಲ್ಲಿ ಷೆಂಗೆನ್ ಎಂಬ ಹಳ್ಳಿಯಿದೆ. 1985ರ ಜೂನ್ 14ರಂದು ಆ ನದಿಯ ಹಡಗೊಂದರಲ್ಲಿ ಕುಳಿತು ಐದು ದೇಶಗಳವರು ತಮ್ಮತಮ್ಮ ನಡುವಿನ ಗಡಿಯ ತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ರುಜು ಹಾಕಿದರು. ವೀಸಾದ ಅರ್ಜಿಯಲ್ಲಿ ನಾವು ನಡುಗುವ ಕೈಯಿಂದ ತುಂಬುವ ಹೆಸರು ದ್ರಾಕ್ಷಿ ಬೆಳೆಯುವ ಒಂದು ಹಳ್ಳಿಯದು. ಬಸ್ಸಿನ ಚಾರ್ಜಿಲ್ಲದೆ ಅಲ್ಲಿಗೆ ಹೋಗಿ, ಗಡಿಯಿಲ್ಲದ ಆ ಹೊಳೆಯ ದಡದಲ್ಲಿ ಕುಳಿತು, ನಮ್ಮ ಗಡಿಗಳನ್ನೂ ನಮ್ಮ ಸಾಲುಗಳನ್ನೂ ನೆನೆದು ಬರೆದ ಎರಡು ಪುಟ, ಐಫೆಲ್ ಗೋಪುರದ ಇಪ್ಪತ್ತನೆಯ ವರ್ಣನೆಗಿಂತ ಮೇಲಲ್ಲವೇ?

ಹಣವೇ ಇಲ್ಲದೆ ಹೋದವರ ಉದಾಹರಣೆಯೂ ನಮ್ಮ ನೆಲಕ್ಕೆ ದೂರದ್ದಲ್ಲ. 1961ರಲ್ಲಿ ಎಂಬತ್ತೊಂಬತ್ತು ವರ್ಷದ ಬರ್ಟ್ರಂಡ್ ರಸೆಲ್ಲರು ಅಣ್ವಸ್ತ್ರದ ವಿರುದ್ಧ ಪ್ರತಿಭಟಿಸಿ ಸೆರೆಮನೆ ಸೇರಿದ ಸುದ್ದಿಯನ್ನು ಸತೀಶ್ ಕುಮಾರ್ ಎಂಬ ತರುಣರು ಓದಿದ್ದು ಬೆಂಗಳೂರಿನ ಕಾಫಿ ಹೋಟೆಲೊಂದರಲ್ಲಿ. ಅವರೂ ಗೆಳೆಯ ಇ. ಪಿ. ಮೆನನ್ನರೂ 1962ರಲ್ಲಿ ದೆಹಲಿಯಿಂದ ಹೊರಟು ಮಾಸ್ಕೋ, ಪ್ಯಾರಿಸ್, ಲಂಡನ್ ಮಾರ್ಗವಾಗಿ ವಾಷಿಂಗ್ಟನ್ನಿನವರೆಗೆ ಶಾಂತಿಯಾತ್ರೆ ಮಾಡಿದರು. ಹಣ ಮುಟ್ಟಬೇಡಿ, ಸಸ್ಯಾಹಾರ ಬಿಡಬೇಡಿ ಎಂಬುದು ವಿನೋಬಾ ಅವರ ಮಾತು. ಕೈಯಲ್ಲಿ ಕಾಸಿಲ್ಲದವನು ಹೋಟೆಲಿಗೆ ಹೋಗಲಾರ, ಮನೆಯ ಬಾಗಿಲನ್ನೇ ತಟ್ಟಬೇಕು. ದಾರಿಯಲ್ಲಿ ಚಹಾ ಕಾರ್ಖಾನೆಯ ಹೊರಗೆ ಸಿಕ್ಕ ಇಬ್ಬರು ಹೆಂಗಸರು ನಾಲ್ಕು ಪೊಟ್ಟಣ ಚಹಾ ಕೊಟ್ಟು, ಅಣುಬಾಂಬು ಇಟ್ಟುಕೊಂಡ ನಾಲ್ಕು ರಾಜಧಾನಿಗಳ ನಾಯಕರಿಗೆ ತಲುಪಿಸಿ ಎಂದರಂತೆ. ಗುಂಡಿ ಒತ್ತುವ ಮೊದಲು ಒಂದು ಲೋಟ ಚಹಾ ಕುಡಿದು ಯೋಚಿಸಲಿ ಎಂದು! ಪ್ರವಾಸ ಕಂಪನಿಯ ಬಸ್ಸಿನೊಳಗೆ ಕುಳಿತವರ ಕೈಗೆ ಆ ಪೊಟ್ಟಣ ಬರುತ್ತಿರಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು: ಬೆಲೆ ಬರೆಯುತ್ತ ಹೋದರೆ ಸಾಹಿತ್ಯ ಎಲ್ಲಿ ಉಳಿಯಿತು, ಅದು ದಿನಸಿ ಚೀಟಿಯಾಗದೇ? ಆಗುತ್ತದೆ, ಬೆಲೆಯನ್ನಷ್ಟೇ ಬರೆದರೆ. ಆದರೆ ಮನುಷ್ಯ ಯಾವುದಕ್ಕೆ ಹಣ ಕೊಟ್ಟ, ಯಾವುದನ್ನು ಬೇಡವೆಂದು ಬಿಟ್ಟ ಎಂಬಲ್ಲಿ ಅವನ ಮನಸ್ಸು ಬಿಚ್ಚಿಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಯೂಟ ಬಿಟ್ಟು ಚಿತ್ರಶಾಲೆಯ ಟಿಕೆಟ್ ಕೊಂಡೆ ಎಂಬ ಒಂದು ವಾಕ್ಯ, ಚಿತ್ರಶಾಲೆಯ ಕುರಿತ ಹತ್ತು ವಿಶೇಷಣಗಳಿಗಿಂತ ಹೆಚ್ಚು ಹೇಳುತ್ತದೆ.

ಎರಡನೆಯದು ಇನ್ನೂ ಗಂಭೀರ: ಅಗ್ಗವೇ ಗುರಿಯಾದರೆ ಜಿಪುಣತನವೇ ಕಥೆಯ ನಾಯಕನಾಗುತ್ತದೆ. ಇತ್ತೀಚೆಗೆ ತರುಣರು ಬರೆಯುವ ಅಗ್ಗದ ಪ್ರವಾಸದ ಬರಹಗಳಲ್ಲಿ ಈ ದೋಷ ಕಾಣುತ್ತಿದೆ. ಎಷ್ಟು ಕಡಿಮೆಗೆ ಮುಗಿಸಿದೆ ಎಂಬ ಜಂಭವೂ, ಎಷ್ಟು ಸುರಿದೆ ಎಂಬ ಜಂಭವೂ ಒಂದೇ ನಾಣ್ಯದ ಎರಡು ಮುಖ. ಇಳಿದುಕೊಂಡ ಮನೆಯವರಿಗೆ ಏನು ಕೊಟ್ಟೆ, ಎಲ್ಲಿ ಒಂದು ಲೋಟ ತೊಳೆದಿಟ್ಟೆ, ಯಾರ ಮಾತನ್ನು ಅರ್ಧ ಗಂಟೆ ಕೂತು ಕೇಳಿದೆ ಎಂಬುದೂ ಲೆಕ್ಕದಲ್ಲಿ ಬರಬೇಕು. ಜಮೆ ಮತ್ತು ಖರ್ಚು ಎರಡೂ ಇದ್ದರೇ ಅದು ಲೆಕ್ಕ.

ಲೆಕ್ಕದ ಪುಸ್ತಕದ ಆಯುಷ್ಯ ಎಷ್ಟೆಂಬುದಕ್ಕೆ ವಿಶಾಖಪಟ್ಟಣದ ಮಗ್ಗುಲಲ್ಲೇ ಸಾಕ್ಷಿಯಿದೆ. ರಜೆಯ ದಿನ ನಮ್ಮವರು ಮಕ್ಕಳೊಡನೆ ಹೋಗುವ ಭೀಮಿಲಿ, ಎಂದರೆ ಭೀಮುನಿಪಟ್ಟಣ, ಒಂದು ಕಾಲಕ್ಕೆ ಡಚ್ಚರ ವ್ಯಾಪಾರ ಕೇಂದ್ರ. ಅವರ ಗೋರಿಗಳು ಕಡಲ ಬದಿಯಲ್ಲಿ ಇಂದಿಗೂ ಇವೆ. ವಿಜಯವಾಡದ ಕಡೆ ಮಚಲೀಪಟ್ಟಣದಲ್ಲೂ ಅವರಿದ್ದರು. 1825ರಲ್ಲಿ ಈ ಕರಾವಳಿಯ ನೆಲೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಅವರ ಈಸ್ಟ್ ಇಂಡಿಯಾ ಕಂಪನಿಗೆ ಆರು ಊರುಗಳಲ್ಲಿ ಶಾಖೆಗಳಿದ್ದವು. ಅವುಗಳಲ್ಲಿ ಹೋರ್ನ್ ಮತ್ತು ಎಂಕ್‌ಹೌಸನ್ ಇವತ್ತಿಗೂ ಸಣ್ಣ ಬಂದರು ಊರುಗಳೇ, ಆಮ್‌ಸ್ಟರ್‌ಡಾಮಿನಿಂದ ಸಾಮಾನ್ಯ ರೈಲಿನಲ್ಲಿ ಹೋಗಿಬರಬಹುದು. ಆ ವರ್ತಕರು ನಮ್ಮ ಕಡಲನ್ನು ಹೇಗೆ ವರ್ಣಿಸಿದರೆಂಬುದು ಯಾರಿಗೂ ಬೇಕಾಗಿಲ್ಲ. ಬಟ್ಟೆಗೆ ಏನು ಕೊಟ್ಟೆವು, ಎಷ್ಟು ಗಂಟು ಹೇರಿದೆವು ಎಂದು ಅವರು ಬರೆದಿಟ್ಟ ಲೆಕ್ಕದಿಂದಲೇ ಇತಿಹಾಸಕಾರರು ಈ ತೀರದ ನೇಕಾರರ ಬದುಕನ್ನು ಕಟ್ಟಿಕೊಡುತ್ತಿದ್ದಾರೆ. ಭೀಮಿಲಿಯ ಗೋರಿಗಳನ್ನು ನೋಡಿದ ಕನ್ನಡಿಗನೊಬ್ಬ ಎಂಕ್‌ಹೌಸನ್ನಿನ ಬಂದರುಕಟ್ಟೆಯ ಮೇಲೆ ನಿಂತರೆ ಅವನಿಗೆ ಹೋಗಲೊಂದು ಕಾರಣವಿರುತ್ತದೆ, ಬರೆಯಲೊಂದು ಮಾತಿರುತ್ತದೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಬರವಣಿಗೆ ಬೇರೆಯವರಿಗಿಂತ ಸುಲಭವಾಗಬೇಕು. ಗೊತ್ತಿಲ್ಲದ ಊರಿನ ನಿಲ್ದಾಣದಲ್ಲಿ ಪೆಟ್ಟಿಗೆಯೊಡನೆ ಇಳಿದು, ಬಾರದ ಭಾಷೆಯಲ್ಲಿ ಬಾಡಿಗೆ ಮನೆ ವಿಚಾರಿಸಿ, ತಿಂಗಳ ಕೊನೆಯ ವಾರವನ್ನು ಎಣಿಸಿ ದಾಟಿಸಿದವರು ನಾವು. ಆ ಜಾಣತನವನ್ನು ಯೂರೋಪಿಗೆ ಹೊರಡುವಾಗ ಮನೆಯಲ್ಲೇ ಬಿಟ್ಟು, ಬೇರೊಬ್ಬರ ಬೆರಗನ್ನು ಬಾಡಿಗೆಗೆ ತೊಟ್ಟು ಬರೆಯುವುದೇಕೆ?

ಇಂಥ ಪತ್ರಿಕೆಗಳ ಸಂಪಾದಕರಲ್ಲಿ ನನ್ನದೊಂದು ವಿನಂತಿ. ಇನ್ನು ಮುಂದೆ ಯಾರಾದರೂ ಯೂರೋಪ್ ಪ್ರವಾಸದ ಲೇಖನ ತಂದುಕೊಟ್ಟರೆ ಸಂತೋಷದಿಂದ ಸ್ವೀಕರಿಸಿ, ಎರಡು ಪ್ರಶ್ನೆ ಕೇಳಲಿ: ಕಂಪನಿಯ ಪಟ್ಟಿಯಲ್ಲಿಲ್ಲದ ಯಾವ ಊರನ್ನು ನೋಡಿದಿರಿ? ಎಷ್ಟಾಯಿತು? ಈ ಎರಡಕ್ಕೆ ಉತ್ತರ ಬರೆಯಲು ಕುಳಿತ ಲೇಖಕರ ಕೈಯಲ್ಲಿ ಉಳಿದ ಲೇಖನವೂ ತಾನಾಗಿ ಬದಲಾಗುತ್ತದೆ. ಓದುವ ಮನೆಗಳಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಪತ್ರಿಕೆ ಮಡಿಸಿಟ್ಟು, ಕಾಗದ ಪೆನ್ಸಿಲು ತೆಗೆದುಕೊಂಡು ಕೂಡಿಸಿ ಕಳೆಯಲು ಕುಳಿತರೆ, ಪ್ರವಾಸ ಕಥನ ತನ್ನ ಕೆಲಸ ಮಾಡಿದಂತೆ.